345ನೇ ನಂಬರಿನ ಎಂಜಿನ್ ಹುಡುಕಿದ ಹೆನ್ರಿ ಫೋರ್ಡ್

ಮಕ್ಕಳೇ, ನಿಮ್ಮ ಮನೆಯ ಅಟ್ಟದ ಮೇಲೆ ಅಥವಾ ಕೊಟ್ಟಿಗೆಯ ಮೂಲೆಯಲ್ಲಿ ಏನೇನು ಬಿದ್ದಿದೆ ಎಂದು ಒಮ್ಮೆಯಾದರೂ ನೋಡಿದ್ದೀರಾ? ತಾತನ ಕಾಲದ ಸೈಕಲ್ಲು, ಗಾಜು ಒಡೆದ ಲಾಟೀನು, ನಿಂತುಹೋದ ಗೋಡೆ ಗಡಿಯಾರ, ಹೀಗೆ ಏನಾದರೊಂದು ಸಿಕ್ಕೇ ಸಿಗುತ್ತದೆ. ದೂಳು ಒರೆಸಿ ನೋಡಿದರೆ ಮನಸ್ಸಿನಲ್ಲಿ ಪ್ರಶ್ನೆಗಳು ಏಳುತ್ತವೆ. ಇದು ಯಾವ ಕಾಲದ್ದು? ಇದನ್ನು ಮಾಡಿದವರು ಯಾರು? ಇದರಲ್ಲಿ ಮೊದಲಿನಿಂದ ಇದ್ದ ಭಾಗ ಯಾವುದು, ಆಮೇಲೆ ಸೇರಿಸಿದ್ದು ಯಾವುದು? ಇದನ್ನು ಮತ್ತೆ ಓಡಿಸಬಹುದೇ?

ಹಳೆಯ ಕಾರು, ಲಾರಿ, ಟ್ರ್ಯಾಕ್ಟರು, ಉಗಿ ಎಂಜಿನ್ನುಗಳ ವಿಷಯದಲ್ಲಿ ಇದೇ ಪ್ರಶ್ನೆಗಳನ್ನು ಕೇಳಿ ಉತ್ತರ ಹುಡುಕುವ ಜನ ಪ್ರಪಂಚದ ಎಲ್ಲೆಡೆ ಇದ್ದಾರೆ. ಮೊದಲು ವಾಹನ ಯಾವುದೆಂದು ಸರಿಯಾಗಿ ಗುರುತಿಸುವುದು, ಆಮೇಲೆ ಅದನ್ನು ಮೊದಲಿದ್ದ ಸ್ಥಿತಿಗೆ ತರುವುದು ಅವರ ಕೆಲಸ. ಹಳೆಯ ಗುಡಿಗಳ ಜೀರ್ಣೋದ್ಧಾರ ಮಾಡುತ್ತಾರಲ್ಲ, ಹಾಗೆಯೇ ಇದು ಯಂತ್ರಗಳ ಜೀರ್ಣೋದ್ಧಾರ.

ಅಮೆರಿಕದ ಹೆನ್ರಿ ಫೋರ್ಡ್ ಹೆಸರನ್ನು ನೀವು ಕೇಳಿರಬಹುದು. ಒಂದೇ ಬಗೆಯ ಕಾರುಗಳನ್ನು ಒಂದೂವರೆ ಕೋಟಿಯಷ್ಟು ತಯಾರಿಸಿದ ಮನುಷ್ಯ ಅವನು. ಆದರೆ ಒಂದೇ ಒಂದು ಹಳೆಯ ಎಂಜಿನ್ನಿಗಾಗಿ ಅವನು ಊರೂರು ಹುಡುಕಿಸಿದ ಕತೆ ಹೆಚ್ಚು ಮಂದಿಗೆ ಗೊತ್ತಿಲ್ಲ. ಬನ್ನಿ, ಆ ಕತೆಯನ್ನು ತಿಳಿಯೋಣ.

ಗಡಿಯಾರ ಬಿಚ್ಚಿದ ಹುಡುಗ

ಹೆನ್ರಿ ಫೋರ್ಡ್ ಹುಟ್ಟಿದ್ದು 1863ರ ಜುಲೈ 30ರಂದು, ಮಿಶಿಗನ್ ರಾಜ್ಯದ ಡಿಯರ್‌ಬಾರ್ನ್ ಎಂಬ ಊರಿನ ಹತ್ತಿರದ ಒಂದು ಹೊಲಮನೆಯಲ್ಲಿ. ತಂದೆ ವಿಲಿಯಂ ಐರ್ಲೆಂಡಿನಿಂದ ಬಂದು ನೆಲೆಸಿದ ರೈತ. ತಾಯಿ ಮೇರಿ. ಹೊಲದ ಕೆಲಸವೆಂದರೆ ಹೆನ್ರಿಗೆ ಬೇಸರ. ಇಷ್ಟೊಂದು ಮೈಮುರಿದು ದುಡಿಯುವ ಬದಲು ಈ ಕೆಲಸವನ್ನು ಯಂತ್ರದಿಂದ ಮಾಡಿಸಬಾರದೇಕೆ ಎಂಬುದು ಅವನ ಯೋಚನೆ.

ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡುವ ಚಟ ಅವನಿಗೆ. ಗಡಿಯಾರವೆಂದರೆ ಪ್ರಾಣ. ಸಣ್ಣ ಮೊಳೆಯೊಂದನ್ನು ಉಜ್ಜಿ ಉಜ್ಜಿ ತಿರುಪುಳಿ ಮಾಡಿಕೊಂಡ. ಸ್ವೆಟರ್ ಹೆಣೆಯುವ ಕಡ್ಡಿಯನ್ನು ಬಗ್ಗಿಸಿ ಇನ್ನೊಂದು ಉಪಕರಣ ಮಾಡಿಕೊಂಡ. ಅವುಗಳಿಂದಲೇ ನೆರೆಹೊರೆಯವರ ಗಡಿಯಾರಗಳನ್ನು ರಿಪೇರಿ ಮಾಡುತ್ತಿದ್ದ. ಬಿಚ್ಚಿದ ಗಡಿಯಾರವನ್ನು ಮತ್ತೆ ಜೋಡಿಸಬೇಕಾದರೆ ಯಾವ ಚಕ್ರ ಎಲ್ಲಿತ್ತು, ಯಾವ ತಿರುಪು ಯಾವ ತೂತಿನದು ಎಂಬುದು ನೆನಪಿರಬೇಕು. ಈ ಅಭ್ಯಾಸ ಅವನ ಜೀವನದುದ್ದಕ್ಕೂ ಉಳಿಯಿತು.

1876ರಲ್ಲಿ ಅವನ ತಾಯಿ ತೀರಿಕೊಂಡಳು. ಆಗ ಅವನಿಗಿನ್ನೂ 12 ವರ್ಷ. ತಾಯಿಯಿಲ್ಲದ ಮನೆ ಮುಖ್ಯ ಸ್ಪ್ರಿಂಗ್ ಕಳೆದುಕೊಂಡ ಗಡಿಯಾರದಂತೆ ಅವನಿಗೆ ತೋರಿತು. ಅದೇ ವರ್ಷ ಇನ್ನೊಂದು ಘಟನೆ ನಡೆಯಿತು. ತಂದೆಯ ಜೊತೆ ಕುದುರೆಗಾಡಿಯಲ್ಲಿ ಡೆಟ್ರಾಯಿಟ್ ನಗರದ ಕಡೆಗೆ ಹೊರಟಿದ್ದಾಗ ಎದುರಿಗೆ ಒಂದು ಉಗಿ ಎಂಜಿನ್ ಬರುತ್ತಿತ್ತು. ಅದನ್ನು ಎಳೆಯಲು ಕುದುರೆ ಇರಲಿಲ್ಲ, ಕೆಳಗೆ ಹಳಿಯೂ ಇರಲಿಲ್ಲ. ತನ್ನ ಬಲದಿಂದ ತಾನೇ ಮಣ್ಣಿನ ರಸ್ತೆಯ ಮೇಲೆ ಉರುಳಿ ಬರುತ್ತಿತ್ತು! ಹೆನ್ರಿ ಗಾಡಿಯಿಂದ ಜಿಗಿದು ಎಂಜಿನ್ ನಡೆಸುವವನ ಹತ್ತಿರ ಓಡಿದ. ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ. ಆತನೂ ಬೇಸರಪಡದೆ ಎಲ್ಲವನ್ನೂ ವಿವರಿಸಿದ. ಆ ದಿನವನ್ನು ಹೆನ್ರಿ ಕೊನೆಯವರೆಗೂ ಮರೆಯಲಿಲ್ಲ.

345ರ ಜೊತೆ 83 ದಿನ

1879ರಲ್ಲಿ, ತನ್ನ 16ನೇ ವಯಸ್ಸಿನಲ್ಲಿ, ಹೆನ್ರಿ ಕೆಲಸ ಕಲಿಯಲು ಡೆಟ್ರಾಯಿಟ್‌ಗೆ ಹೋದ. ಹಗಲು ಯಂತ್ರದ ಕಾರ್ಖಾನೆಯಲ್ಲಿ ದುಡಿತ, ರಾತ್ರಿ ಒಬ್ಬ ಚಿನ್ನಬೆಳ್ಳಿ ವ್ಯಾಪಾರಿಯ ಅಂಗಡಿಯಲ್ಲಿ ಗಡಿಯಾರ ರಿಪೇರಿ. ಮೂರು ವರ್ಷಗಳ ನಂತರ ಊರಿಗೆ ಮರಳಿದ.

ಆ ಹೊತ್ತಿಗೆ ನೆರೆಯ ರೈತನೊಬ್ಬ ವೆಸ್ಟಿಂಗ್‌ಹೌಸ್ ಕಂಪನಿಯ ಚಿಕ್ಕ ಉಗಿ ಎಂಜಿನ್ ಒಂದನ್ನು ಕೊಂಡಿದ್ದ. ಕಣದಲ್ಲಿ ತೆನೆ ಒಕ್ಕುವುದಕ್ಕೆ, ಮರ ಕೊಯ್ಯುವುದಕ್ಕೆ, ದನಗಳ ಮೇವಿನ ಕಾಳು ಬೀಸುವುದಕ್ಕೆ ಅದರ ಚಕ್ರಕ್ಕೆ ಬೆಲ್ಟ್ ಕಟ್ಟಿ ಬಳಸುತ್ತಿದ್ದರು. ಅದನ್ನು ನಡೆಸಲು ಧೈರ್ಯ ಮಾಡಿದವನು 19ರ ತರುಣ ಹೆನ್ರಿ. ಮೊದಲ ದಿನ ಅವನಿಗೂ ಎದೆ ಢವಗುಟ್ಟಿತ್ತಂತೆ. ಸಂಜೆಯ ಹೊತ್ತಿಗೆ ಎಂಜಿನ್ ಅವನ ಮಾತು ಕೇಳುವಂತಾಯಿತು. ದಿನಕ್ಕೆ 3 ಡಾಲರ್ ಕೂಲಿಯಂತೆ ಅವನು 83 ದಿನ ಆ ಎಂಜಿನ್ನಿನೊಂದಿಗೆ ಹೊಲದಿಂದ ಹೊಲಕ್ಕೆ ಅಲೆದ.

ಆ ಎಂಜಿನ್ನಿಗೆ ತಯಾರಕರು ಕೊಟ್ಟ ನಂಬರು 345. ಈ ನಂಬರನ್ನು ನೀವೂ ನೆನಪಿಟ್ಟುಕೊಳ್ಳಿ.

ಬಾಗಿಲಿಗಿಂತ ಅಗಲವಾದ ಬಂಡಿ

1888ರಲ್ಲಿ ಹೆನ್ರಿ ಕ್ಲಾರಾ ಬ್ರಯಂಟ್ ಎಂಬವಳನ್ನು ಮದುವೆಯಾದ. 1891ರಲ್ಲಿ ಇಬ್ಬರೂ ಡೆಟ್ರಾಯಿಟ್‌ಗೆ ಬಂದರು. ಅಲ್ಲಿನ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಅವನಿಗೆ ಎಂಜಿನಿಯರ್ ಕೆಲಸ ಸಿಕ್ಕಿತು. ಉಗಿ ಎಂಜಿನ್ ಬಹಳ ಭಾರ. ನೀರು ಕಾಯಿಸಲು ದೊಡ್ಡ ಬಾಯ್ಲರ್ ಬೇಕು, ಸೌದೆ ಅಥವಾ ಕಲ್ಲಿದ್ದಲು ಬೇಕು. ಪೆಟ್ರೋಲ್ ಎಂಜಿನ್ನಿನಲ್ಲಾದರೆ ಸಿಲಿಂಡರಿನ ಒಳಗೇ ಇಂಧನ ಉರಿದು ಪಿಸ್ಟನ್ನನ್ನು ತಳ್ಳುತ್ತದೆ. ಆದ್ದರಿಂದ ಅದನ್ನು ಹಗುರವಾಗಿ ಮಾಡಬಹುದು. ಹೆನ್ರಿಯ ಮನಸ್ಸು ಈ ಕಡೆ ತಿರುಗಿತು.

1893ರ ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಅವನು ತನ್ನ ಪುಟ್ಟ ಎಂಜಿನ್ನನ್ನು ಅಡುಗೆಮನೆಗೆ ತಂದು, ಪಾತ್ರೆ ತೊಳೆಯುವ ತೊಟ್ಟಿಯ ಅಂಚಿಗೆ ಬಿಗಿದ. ಕ್ಲಾರಾ ತೊಟ್ಟುತೊಟ್ಟಾಗಿ ಪೆಟ್ರೋಲ್ ಹನಿಸಿದಳು, ಹೆನ್ರಿ ಚಕ್ರ ತಿರುಗಿಸಿದ. ಎಂಜಿನ್ ಕೆಮ್ಮಿ, ಹೊಗೆಯುಗುಳಿ, ಓಡಿಯೇಬಿಟ್ಟಿತು! ನೀವು ಮಾತ್ರ ಅಡುಗೆಮನೆಯಲ್ಲಿ ಇಂಥ ಪ್ರಯೋಗಕ್ಕೆ ಕೈಹಾಕಬೇಡಿ.

ಮುಂದಿನ ಹೆಜ್ಜೆ ಬಂಡಿ ಕಟ್ಟುವುದು. ಮನೆಯ ಹಿಂದಿನ ಇಟ್ಟಿಗೆ ಕೊಠಡಿಯೇ ಕಾರ್ಯಾಗಾರವಾಯಿತು. ನಾಲ್ಕು ಸೈಕಲ್ ಚಕ್ರದಂಥ ಚಕ್ರಗಳು, ತಿರುಗಿಸಲು ಒಂದು ಹಿಡಿಕೆ, ಸೀಟಿನ ಹಿಂದೆ ಎಂಜಿನ್. ತೂಕ ಸುಮಾರು 225 ಕಿಲೋಗ್ರಾಂ. ಹಿಂದಕ್ಕೆ ಓಡಿಸುವ ಏರ್ಪಾಡು ಇರಲಿಲ್ಲ. 1896ರ ಜೂನ್ 4ರ ನಸುಕಿನಲ್ಲಿ ಬಂಡಿ ಸಿದ್ಧವಾಯಿತು. ಹೊರಗೆ ತರಲು ಹೋದರೆ ಏನಾಗಬೇಕು? ಬಂಡಿ ಬಾಗಿಲಿಗಿಂತ ಅಗಲ! ಹೆನ್ರಿ ಕೊಡಲಿ ಎತ್ತಿಕೊಂಡು ಬಾಗಿಲ ಪಕ್ಕದ ಇಟ್ಟಿಗೆಗಳನ್ನೇ ಒಡೆದುಹಾಕಿದ. ಬಂಡಿ ಬೀದಿಗೆ ಇಳಿಯಿತು.

ಈ ಬಂಡಿಯನ್ನು ಅವನು 200 ಡಾಲರಿಗೆ ಮಾರಿ, ಬಂದ ಹಣವನ್ನು ಮುಂದಿನ ಬಂಡಿಗೆ ಹಾಕಿದ. ಆದರೆ ಕೆಲವು ವರ್ಷಗಳ ನಂತರ, 1904ರಲ್ಲಿ, ಅದನ್ನೇ ಹುಡುಕಿ 65 ಡಾಲರ್ ಕೊಟ್ಟು ಮರಳಿ ಕೊಂಡ. ಹಳೆಯ ಯಂತ್ರದ ಬೆಲೆ ಅವನಿಗೆ ಗೊತ್ತಿತ್ತು.

ಒಂದೇ ಅಳತೆಯ ಕಾರುಗಳು

ಫೋರ್ಡ್ ಸೇರಿ ಕಟ್ಟಿದ ಮೊದಲ ಕಂಪನಿ ಮುಚ್ಚಿತು. ಎರಡನೆಯದನ್ನು ಅವನೇ ಬಿಟ್ಟು ಹೊರಬಂದ. 1903ರ ಜೂನ್ 16ರಂದು ಮೂರನೆಯದಾಗಿ ಹುಟ್ಟಿದ್ದೇ ಫೋರ್ಡ್ ಮೋಟಾರ್ ಕಂಪನಿ. ಅದರ ಕಾರುಗಳಿಗೆ ಇಂಗ್ಲಿಷಿನ ಅಕ್ಷರಗಳ ಹೆಸರು. ಮೊದಲನೆಯದು ಮಾಡೆಲ್ ಎ. 1908ರ ಅಕ್ಟೋಬರ್ 1ರಂದು ಬಂದದ್ದು ಮಾಡೆಲ್ ಟಿ.

ಆ ಕಾಲದಲ್ಲಿ ಕಾರು ಶ್ರೀಮಂತರ ಆಟಿಕೆಯಾಗಿತ್ತು. ರೈತನೂ ಕೊಳ್ಳುವಂಥ ಕಾರು ಮಾಡಬೇಕೆಂಬುದು ಫೋರ್ಡ್‌ನ ಆಸೆ. ಮಾಡೆಲ್ ಟಿ ಕಾರಿನ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳು, ಶಕ್ತಿ 20 ಅಶ್ವಸಾಮರ್ಥ್ಯ. ಮುಖ್ಯ ಭಾಗಗಳಿಗೆ ವೆನೇಡಿಯಂ ಸೇರಿಸಿದ ಉಕ್ಕು ಬಳಸಿದ್ದರಿಂದ ಕಾರು ಹಗುರವೂ ಗಟ್ಟಿಯೂ ಆಯಿತು. ನೆಲದಿಂದ ಎತ್ತರದಲ್ಲಿದ್ದುದರಿಂದ ಕೆಸರು ರಸ್ತೆಯಲ್ಲೂ ಹೋಗುತ್ತಿತ್ತು. ಮುಂದೆ ಹಿಡಿಕೆ ತೂರಿಸಿ ತಿರುಗಿಸಿದರೆ ಎಂಜಿನ್ ಶುರು. ಹಿಡಿಕೆ ಹಿಂದಕ್ಕೆ ಒದ್ದರೆ ಕೈ ಮುರಿಯುವ ಭಯವೂ ಇತ್ತು! ಪೆಟ್ರೋಲ್ ಟ್ಯಾಂಕ್ ಸೀಟಿನ ಕೆಳಗಿತ್ತು. ಪಂಪ್ ಇಲ್ಲದೆ, ಗುರುತ್ವದಿಂದಲೇ ಪೆಟ್ರೋಲ್ ಎಂಜಿನ್ನಿಗೆ ಹರಿಯುತ್ತಿತ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದು ಏರು ಕಡಿದಾಗಿದ್ದರೆ ಎಂಜಿನ್ನೇ ಟ್ಯಾಂಕಿಗಿಂತ ಮೇಲಾಗುತ್ತಿತ್ತು. ಆಗ ಪೆಟ್ರೋಲ್ ಹರಿಯುವುದು ಹೇಗೆ? ಚಾಲಕರು ಕಾರನ್ನು ತಿರುಗಿಸಿ, ಹಿಮ್ಮುಖವಾಗಿ ಬೆಟ್ಟ ಹತ್ತಿಸುತ್ತಿದ್ದರು!

ಇಲ್ಲಿ ಒಂದು ಮುಖ್ಯ ವಿಚಾರವಿದೆ. ನಿಮ್ಮ ಸೈಕಲ್ಲಿನ ಪೆಡಲು ಮುರಿದರೆ ಏನು ಮಾಡುತ್ತೀರಿ? ಅಂಗಡಿಯಿಂದ ಬೇರೊಂದು ತಂದು ತಿರುಪಿ ಹಾಕುತ್ತೀರಿ. ಅದು ಸರಿಯಾಗಿ ಕೂರುತ್ತದೆ. ಏಕೆ? ಒಂದು ಬಗೆಯ ಪೆಡಲುಗಳೆಲ್ಲವನ್ನೂ ಒಂದೇ ಅಳತೆಗೆ ಮಾಡಿರುತ್ತಾರೆ. ಮೊದಲಿನ ಕಾಲದಲ್ಲಿ ಹೀಗಿರಲಿಲ್ಲ. ಕಸಬುದಾರರು ಒಂದೊಂದು ಭಾಗವನ್ನೂ ಅರದಿಂದ ಉಜ್ಜಿ ಆ ಕಾರಿಗೇ ಹೊಂದಿಸಬೇಕಿತ್ತು. ಒಂದರ ಭಾಗ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಫೋರ್ಡ್ ಕಾರ್ಖಾನೆಯಲ್ಲಿ ಪ್ರತಿ ಭಾಗವನ್ನೂ ಅಳತೆಪಟ್ಟಿಗೆ ಹೊಂದುವಂತೆ ಯಂತ್ರಗಳಲ್ಲಿ ಕೊರೆಯುತ್ತಿದ್ದರು. ಆಗ ಯಾವ ಪಿಸ್ಟನ್ ಬೇಕಾದರೂ ಯಾವ ಎಂಜಿನ್ನಿಗಾದರೂ ಕೂರುತ್ತಿತ್ತು. ಇವಕ್ಕೆ ಅದಲುಬದಲು ಮಾಡಬಲ್ಲ ಬಿಡಿಭಾಗಗಳು ಎನ್ನುತ್ತಾರೆ. ಇದನ್ನು ಮೊದಲು ಯೋಚಿಸಿದವನು ಫೋರ್ಡ್ ಅಲ್ಲ. ಬಂದೂಕು, ಹೊಲಿಗೆ ಯಂತ್ರ ಮಾಡುವವರು ಆಗಲೇ ಈ ದಾರಿ ಹಿಡಿದಿದ್ದರು. ಕಾರಿನಲ್ಲಿ ಇದನ್ನು ಭಾರೀ ಪ್ರಮಾಣದಲ್ಲಿ ನಡೆಸಿ ತೋರಿಸಿದ್ದು ಫೋರ್ಡ್ ಕಾರ್ಖಾನೆ.

1913ರಲ್ಲಿ ಕಾರ್ಖಾನೆಗೆ ಚಲಿಸುವ ಜೋಡಣಾ ಸಾಲು ಬಂತು. ಕೆಲಸಗಾರರು ನಿಂತಲ್ಲೇ ನಿಲ್ಲುತ್ತಾರೆ, ಕಾರು ಅವರ ಮುಂದೆ ಸಾಗುತ್ತದೆ. ಒಬ್ಬೊಬ್ಬರದು ಒಂದೊಂದೇ ಕೆಲಸ. ಕಾರಿನ ಕೆಳಚೌಕಟ್ಟು ಜೋಡಿಸಲು ಮೊದಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿತ್ತು. 1914ರಲ್ಲಿ 1 ಗಂಟೆ 33 ನಿಮಿಷ ಸಾಕಾಯಿತು. ಮೊದಲು 850 ಡಾಲರ್ ಇದ್ದ ಬೆಲೆ ಇಳಿಯುತ್ತಾ ಹೋಯಿತು. 1925ರಲ್ಲಿ ಎಲ್ಲಕ್ಕಿಂತ ಅಗ್ಗದ ಮಾಡೆಲ್ ಟಿ 260 ಡಾಲರಿಗೆ ಸಿಗುತ್ತಿತ್ತು.

ಈ ಕಾರು ಯಾವ ವರ್ಷದ್ದು?

ಈಗ ನಿಮಗೊಂದು ಒಗಟು. ನಿಮ್ಮ ಮುಂದೆ ಹಳೆಯ ಮಾಡೆಲ್ ಟಿ ಕಾರೊಂದು ನಿಂತಿದೆ ಎಂದುಕೊಳ್ಳಿ. ಅದು ಯಾವ ವರ್ಷದ್ದೆಂದು ಹೇಗೆ ಹೇಳುತ್ತೀರಿ?

ಮೊದಲು ಮೂತಿ ನೋಡಿ. ಎಂಜಿನ್ ತಣ್ಣಗಿಡುವ ರೇಡಿಯೇಟರು ಹೊಳೆಯುವ ಹಿತ್ತಾಳೆಯದಾಗಿದ್ದರೆ ಕಾರು 1916ಕ್ಕೆ ಅಥವಾ ಅದಕ್ಕೂ ಮೊದಲಿಗೆ ಸೇರಿದ್ದು. 1917ರ ಕಾರುಗಳಿಂದ ಅದರ ಸುತ್ತ ಕಪ್ಪು ಬಣ್ಣದ ಉಕ್ಕಿನ ಹೊದಿಕೆ ಬಂತು. ಅನುಮಾನ ಬಂದರೆ ಅಯಸ್ಕಾಂತ ಹಿಡಿಯಿರಿ. ಉಕ್ಕಿಗೆ ಅಂಟುತ್ತದೆ. ತಾಮ್ರ, ಸತುಗಳ ಮಿಶ್ರಲೋಹವಾದ ಹಿತ್ತಾಳೆಗೆ ಅಂಟುವುದಿಲ್ಲ.

ಎರಡನೆಯದಾಗಿ ದೀಪ. ಮೊದಲ ವರ್ಷಗಳಲ್ಲಿ ಮುಂದಿನ ದೀಪಗಳು ಅಸಿಟಿಲೀನ್ ಅನಿಲದಿಂದ ಉರಿಯುತ್ತಿದ್ದವು. ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದರೆ ಈ ಅನಿಲ ಹುಟ್ಟುತ್ತದೆ. 1915ರ ಕಾರುಗಳಿಗೆ ವಿದ್ಯುತ್ ದೀಪ ಬಂತು. ಎಂಜಿನ್ ಜೊತೆ ತಿರುಗುವ ಅಯಸ್ಕಾಂತಗಳಿಂದ ಅದಕ್ಕೆ ವಿದ್ಯುತ್. ಎಂಜಿನ್ ನಿಧಾನವಾದರೆ ದೀಪವೂ ಮಂಕಾಗುತ್ತಿತ್ತು!

ಮೂರನೆಯದಾಗಿ ಬಣ್ಣ. ಮಾಡೆಲ್ ಟಿ ಎಂದರೆ ಕಪ್ಪು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಕಪ್ಪು ಬಿಟ್ಟು ಬೇರೆ ಬಣ್ಣವೇ ಇಲ್ಲದಿದ್ದುದು 1914ರಿಂದ 1925ರವರೆಗೆ ಮಾತ್ರ. ಮೊದಲ ವರ್ಷಗಳ ಕಾರುಗಳಲ್ಲಿ ಕೆಂಪು, ಬೂದು, ಹಸಿರು ಬಣ್ಣದವೂ ಇದ್ದವು. ಆದ್ದರಿಂದ ತಿಳಿದವರು ಕಾಣದ ಮೂಲೆಯಲ್ಲಿ ಬಣ್ಣದ ಪದರಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ. ಎಲ್ಲಕ್ಕಿಂತ ಕೆಳಗಿನ ಪದರ ಎಲ್ಲಕ್ಕಿಂತ ಹಳೆಯದು.

ನಾಲ್ಕನೆಯದಾಗಿ ಎಂಜಿನ್ನಿನ ಎಡಮಗ್ಗುಲು. ಅಲ್ಲಿ ಅಚ್ಚೊತ್ತಿದ ನಂಬರು ಇರುತ್ತದೆ. ಅದೇ ಕಾರಿನ ನಂಬರೂ ಹೌದು. ಯಾವ ದಿನ ಯಾವ ನಂಬರಿನ ಎಂಜಿನ್ ತಯಾರಾಯಿತು ಎಂಬ ಕಾರ್ಖಾನೆಯ ದಾಖಲೆಗಳು ಉಳಿದಿವೆ. ಅನೇಕ ಎಂಜಿನ್ನುಗಳಲ್ಲಿ ಕಬ್ಬಿಣ ಎರಕ ಹೊಯ್ದ ದಿನಾಂಕವೂ ಉಬ್ಬಿದ ಅಂಕಿಗಳಲ್ಲಿ ಇರುತ್ತದೆ.

ಹಾಗಾದರೆ ನಂಬರು ನೋಡಿದರೆ ಮುಗಿಯಿತಲ್ಲ ಎನ್ನುತ್ತೀರಾ? ಸ್ವಲ್ಪ ತಾಳಿ! ಮಾಡೆಲ್ ಟಿ ಕಾರಿನ ಹೆಚ್ಚಿನ ಭಾಗಗಳನ್ನು ಒಂದರಿಂದ ಇನ್ನೊಂದಕ್ಕೆ ಹಾಕಬಹುದು. ಎಂಜಿನ್ ಕೆಟ್ಟಾಗ ರೈತ ಪಕ್ಕದೂರಿನ ಹಳೆಯ ಕಾರಿನ ಎಂಜಿನ್ ತಂದು ಕೂರಿಸಿರಬಹುದು. ಆಗ ಎಂಜಿನ್ 1919ರದು, ರೇಡಿಯೇಟರು 1915ರದು, ಮೈಕಟ್ಟು 1923ರದು ಆಗಿಬಿಡುತ್ತದೆ! ಯಾವ ಗುಣದಿಂದ ರಿಪೇರಿ ಸುಲಭವಾಯಿತೋ ಅದೇ ಗುಣದಿಂದ ಗುರುತಿಸುವುದು ಕಷ್ಟವಾಯಿತು. ಆದ್ದರಿಂದ ಒಂದೇ ಸಾಕ್ಷಿಯನ್ನು ನಂಬಬಾರದು. ಹಲವು ಸಾಕ್ಷಿಗಳು ಒಂದೇ ಮಾತು ಹೇಳುತ್ತವೆಯೇ ಎಂದು ನೋಡಬೇಕು. ವಿಜ್ಞಾನದ ಎಲ್ಲ ಕೆಲಸದಲ್ಲೂ ಇದೇ ನಿಯಮ, ಅಲ್ಲವೇ?

ಹಳೆಯದನ್ನು ಹುಡುಕಿ ಹೊರಟ ಫೋರ್ಡ್

ಫೋರ್ಡ್ ಪ್ರಪಂಚದ ದೊಡ್ಡ ಶ್ರೀಮಂತರಲ್ಲಿ ಒಬ್ಬನಾದ. ಆದರೂ 345ನೇ ಎಂಜಿನ್ ಅವನ ಮನಸ್ಸಿನಿಂದ ಹೋಗಿರಲಿಲ್ಲ. ಅಂಥದೇ ಇನ್ನೊಂದು ಎಂಜಿನ್ ಸಿಕ್ಕರೆ ಸಾಲದು, ತಾನು ನಡೆಸಿದ ಅದೇ ಎಂಜಿನ್ ಬೇಕು. ಹುಡುಕಲು ಜನರನ್ನು ಕಳಿಸಿದ. ಅವರಿಗಿದ್ದ ಗುರುತು ಆ ನಂಬರು. ಸುಮಾರು 30 ವರ್ಷಗಳ ನಂತರ ಎಂಜಿನ್ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಪತ್ತೆಯಾಯಿತು. ಫೋರ್ಡ್ ಅದನ್ನು ಡಿಯರ್‌ಬಾರ್ನ್‌ಗೆ ತರಿಸಿ, ದುರಸ್ತಿ ಮಾಡಿಸಿ, ಮತ್ತೆ ತಾನೇ ನಡೆಸಿದ.

ವಿಚಿತ್ರವೆಂದರೆ, ಇದೇ ಫೋರ್ಡ್ 1916ರಲ್ಲಿ ಇತಿಹಾಸವೆಂಬುದು ಹೆಚ್ಚುಕಡಿಮೆ ಕೆಲಸಕ್ಕೆ ಬಾರದ ಮಾತು ಎಂದು ಪತ್ರಿಕೆಯವರ ಮುಂದೆ ಹೇಳಿದ್ದ. 1919ರಲ್ಲಿ ಒಂದು ಮೊಕದ್ದಮೆಯಲ್ಲಿ ವಕೀಲರು ಅವನಿಗೆ ಅಮೆರಿಕದ ಇತಿಹಾಸದ ಪ್ರಶ್ನೆಗಳನ್ನು ಕೇಳಿದರು. ನಿಮ್ಮ ವಯಸ್ಸಿನ ಮಕ್ಕಳಿಗೂ ಗೊತ್ತಿರುವ ಉತ್ತರಗಳು ಅವನಿಗೆ ತಿಳಿದಿರಲಿಲ್ಲ. ಪತ್ರಿಕೆಗಳು ನಕ್ಕವು. ಪುಸ್ತಕಗಳಲ್ಲಿ ರಾಜರ, ಯುದ್ಧಗಳ ಕತೆಯೇ ತುಂಬಿದೆ, ರೈತ ಬಳಸಿದ ನೇಗಿಲು, ಹೆಂಗಸರು ಬಳಸಿದ ಒಲೆ ಎಲ್ಲಿವೆ ಎಂಬುದು ಅವನ ವಾದ. ಅವುಗಳನ್ನೆಲ್ಲ ಕೂಡಿಸಿ ವಸ್ತುಸಂಗ್ರಹಾಲಯ ಕಟ್ಟಲು ನಿರ್ಧರಿಸಿದ.

ಅದೇ ಹೊತ್ತಿಗೆ ರಸ್ತೆ ಅಗಲ ಮಾಡಲು ಅವನು ಹುಟ್ಟಿದ ಮನೆ ಕೆಡವಬೇಕಾಗಿ ಬಂತು. ಫೋರ್ಡ್ ಇಡೀ ಮನೆಯನ್ನೇ ಪಕ್ಕಕ್ಕೆ ಸರಿಸಿದ. ತಾಯಿ ಇದ್ದ ದಿನಗಳಲ್ಲಿ ಮನೆ ಹೇಗಿತ್ತೋ ಹಾಗೆಯೇ ಮಾಡಬೇಕೆಂಬ ಹಟ ಅವನದು. ತಾಯಿ ಉಣಬಡಿಸುತ್ತಿದ್ದ ತಟ್ಟೆಗಳ ಚಿತ್ತಾರ ಹೇಗಿತ್ತು? ಮನೆಯ ಸುತ್ತಲಿನ ನೆಲವನ್ನು ಅಗೆಸಿದ. ಒಡೆದು ಬಿಸಾಡಿದ್ದ ತಟ್ಟೆಗಳ ಚೂರುಗಳು ಮಣ್ಣಿನಲ್ಲಿ ಸಿಕ್ಕವು. ಆ ಚೂರುಗಳ ಚಿತ್ತಾರ ನೋಡಿ ಹೊಸ ತಟ್ಟೆಗಳನ್ನು ಮಾಡಿಸಿದ. ತಾಯಿ ಉರಿಸುತ್ತಿದ್ದ ಬಗೆಯ ಒಲೆಗಾಗಿಯೂ ತಿಂಗಳುಗಟ್ಟಲೆ ಹುಡುಕಿಸಿದ. ಇವೆಲ್ಲ ಹಂಪೆಯಂಥ ಜಾಗದಲ್ಲಿ ನೆಲ ಅಗೆದು ಹಳೆಯ ಕಾಲವನ್ನು ತಿಳಿಯುವವರ ಕೆಲಸದಂತೆಯೇ ಇದೆ!

ಅವನ ಗೆಳೆಯ ಥಾಮಸ್ ಆಲ್ವಾ ಎಡಿಸನ್ ವಿದ್ಯುತ್ ದೀಪಕ್ಕಾಗಿ ದುಡಿದ ಪ್ರಯೋಗಾಲಯ ಹಾಳುಬಿದ್ದಿತ್ತು. ಉಳಿದಿದ್ದ ಹಲಗೆಗಳನ್ನು ಹುಡುಕಿ ತರಿಸಿ, ಅಲ್ಲಿನ ಮಣ್ಣನ್ನೂ ಸಾಗಿಸಿ, ಡಿಯರ್‌ಬಾರ್ನ್‌ನಲ್ಲಿ ಫೋರ್ಡ್ ಅದನ್ನು ಮತ್ತೆ ಕಟ್ಟಿಸಿದ. ದೀಪ ಹುಟ್ಟಿ 50 ವರ್ಷ ತುಂಬಿದ 1929ರ ಅಕ್ಟೋಬರ್ 21ರಂದು ವೃದ್ಧ ಎಡಿಸನ್ ಅಲ್ಲಿಗೆ ಬಂದ. ಸುತ್ತಲೂ ನೋಡಿ ಬಹಳ ಮೆಚ್ಚಿಕೊಂಡ. ಒಂದೇ ಒಂದು ತಪ್ಪು ಹೇಳಿದ. ತಮ್ಮ ಪ್ರಯೋಗಾಲಯದ ನೆಲ ಎಂದೂ ಇಷ್ಟು ಚೊಕ್ಕಟವಾಗಿರಲಿಲ್ಲವಂತೆ!

ನಗು ಬಂತೇ? ಈ ಮಾತಿನಲ್ಲಿ ಒಂದು ಪಾಠವೂ ಇದೆ. ಹಳೆಯ ವಸ್ತುವನ್ನು ಅತಿಯಾಗಿ ಉಜ್ಜಿ ಹೊಳೆಯಿಸಿದರೆ ಅದರ ಕತೆಯೇ ಅಳಿಸಿಹೋಗುತ್ತದೆ. ಆದ್ದರಿಂದ ಇಂದು ಹಳೆಯ ಕಾರುಗಳನ್ನು ದುರಸ್ತಿ ಮಾಡುವ ಜಾಣರು ಬಿಚ್ಚುವ ಮುಂಚೆ ಫೋಟೋ ತೆಗೆಯುತ್ತಾರೆ. ಪ್ರತಿ ತಿರುಪಿಗೂ ಚೀಟಿ ಕಟ್ಟುತ್ತಾರೆ. ಯಾವ ಭಾಗ ಮೂಲದ್ದು, ಯಾವುದನ್ನು ಹೊಸದಾಗಿ ಹಾಕಿದೆವು ಎಂದು ಬರೆದಿಡುತ್ತಾರೆ. ಹೊಸದನ್ನು ಹಳೆಯದೆಂದು ಹೇಳುವುದು ಸುಳ್ಳು ಹೇಳಿದಂತೆ.

ಬಣ್ಣ ಬಳಿದು ಮುಚ್ಚಬಾರದ ತುಕ್ಕು

ಮಕ್ಕಳೇ, ಕಬ್ಬಿಣಕ್ಕೆ ನೀರು ಮತ್ತು ಗಾಳಿಯ ಆಮ್ಲಜನಕ ಸೇರಿದರೆ ತುಕ್ಕು ಹಿಡಿಯುತ್ತದೆ. ತುಕ್ಕಿನ ಮೇಲೆ ಬಣ್ಣ ಬಳಿದರೆ ಹೊರಗೆ ಚೆಂದ ಕಾಣುತ್ತದೆ, ಒಳಗೆ ತಿನ್ನುತ್ತಲೇ ಇರುತ್ತದೆ. ದೊಡ್ಡವರ ಜೀವನಕತೆ ಬರೆಯುವಾಗಲೂ ಹೀಗೆಯೇ. ಫೋರ್ಡ್‌ನ ಬಾಳಿನಲ್ಲಿದ್ದ ತುಕ್ಕನ್ನೂ ನಾವು ನೋಡಬೇಕು.

1914ರ ಜನವರಿಯಲ್ಲಿ ಅವನು ಕೆಲಸಗಾರರಿಗೆ ದಿನಕ್ಕೆ 5 ಡಾಲರ್ ಕೊಡುವುದಾಗಿ ಸಾರಿದ. ಅದು ಆಗಿನ ಕೂಲಿಯ ಸುಮಾರು ಎರಡರಷ್ಟು. ಕೆಲಸದ ಅವಧಿಯನ್ನೂ 8 ಗಂಟೆಗೆ ಇಳಿಸಿದ. ಇದು ಒಳ್ಳೆಯದೇ. ಆದರೆ ಇಡೀ ದಿನ ಒಂದೇ ತಿರುಪು ತಿರುಗಿಸುವ ಕೆಲಸ ಜನರನ್ನು ದಣಿಸುತ್ತಿತ್ತು. ಕಂಪನಿಯ ಜನ ಕೆಲಸಗಾರರ ಮನೆಗೆ ಹೋಗಿ ಅವರು ಹೇಗೆ ಬಾಳುತ್ತಿದ್ದಾರೆಂದು ಪರೀಕ್ಷಿಸುತ್ತಿದ್ದರು. ಮುಂದೆ ಕೆಲಸಗಾರರು ಸಂಘ ಕಟ್ಟಲು ಹೊರಟಾಗ ಫೋರ್ಡ್ ಬಲವಾಗಿ ವಿರೋಧಿಸಿದ. 1937ರಲ್ಲಿ ಕಾರ್ಖಾನೆಯ ಕಾವಲು ಪಡೆಯವರು ಸಂಘದವರನ್ನು ಹೊಡೆದು ಗಾಯಗೊಳಿಸಿದರು. 1941ರಲ್ಲಷ್ಟೇ ಅವನು ಸಂಘವನ್ನು ಒಪ್ಪಿಕೊಂಡ.

ಇನ್ನೂ ದೊಡ್ಡ ತಪ್ಪೊಂದಿದೆ. 1920ರಿಂದ ಅವನ ವಾರಪತ್ರಿಕೆಯಲ್ಲಿ ಯೆಹೂದಿ ಜನರ ಮೇಲೆ ದ್ವೇಷ ಹುಟ್ಟಿಸುವ ಸುಳ್ಳು ಬರಹಗಳು ಬಂದವು. 1927ರಲ್ಲಿ ಅವನು ಕ್ಷಮೆ ಕೇಳಿ ಪತ್ರಿಕೆ ನಿಲ್ಲಿಸಿದ. ಅಷ್ಟರಲ್ಲಿ ಆ ಬರಹಗಳು ಪುಸ್ತಕವಾಗಿ ಜರ್ಮನಿಯವರೆಗೂ ಹರಡಿದ್ದವು. ಎಂಜಿನ್ನಿನ ನಂಬರನ್ನು ಅಷ್ಟು ಎಚ್ಚರದಿಂದ ಪರೀಕ್ಷಿಸುತ್ತಿದ್ದವನು ಮನುಷ್ಯರ ಬಗ್ಗೆ ಕೇಳಿದ ಮಾತನ್ನು ಪರೀಕ್ಷಿಸಲಿಲ್ಲ. ಯಂತ್ರದ ಮುಂದೆ ಬೇಕಾದ ಎಚ್ಚರ ಮನುಷ್ಯರ ಮುಂದೆ ಇನ್ನೂ ಹೆಚ್ಚು ಬೇಕು.

ಲಾಟೀನಿನ ಬೆಳಕಿನಲ್ಲಿ

1927ರ ಮೇ 26ರಂದು ಒಂದೂವರೆ ಕೋಟಿಯ ಮಾಡೆಲ್ ಟಿ ಕಾರ್ಖಾನೆಯಿಂದ ಹೊರಬಂತು. ಬೇರೆ ಕಂಪನಿಗಳು ಇನ್ನೂ ಒಳ್ಳೆಯ ಕಾರು ಮಾಡತೊಡಗಿದ್ದವು. ಫೋರ್ಡ್ ತುಂಬ ವರ್ಷ ಬದಲಾವಣೆಗೆ ಒಪ್ಪಿರಲಿಲ್ಲ. ಕೊನೆಗೆ ಒಪ್ಪಲೇಬೇಕಾಯಿತು. ಆ ದಿನ ಅವನು ತನ್ನ 1896ರ ಪುಟ್ಟ ಬಂಡಿಯನ್ನೂ ಹೊರತಂದು ಓಡಿಸಿದ.

1947ರ ಏಪ್ರಿಲ್ ತಿಂಗಳಲ್ಲಿ ಡಿಯರ್‌ಬಾರ್ನ್‌ನ ನದಿ ಉಕ್ಕಿ ಹರಿಯಿತು. ಫೋರ್ಡ್‌ನ ದೊಡ್ಡ ಮನೆಗೆ ಬೆಳಕು ಕೊಡುತ್ತಿದ್ದ ವಿದ್ಯುದಾಗಾರಕ್ಕೆ ನೀರು ನುಗ್ಗಿತು. ಏಪ್ರಿಲ್ 7ರ ರಾತ್ರಿ ಸೀಮೆಎಣ್ಣೆ ದೀಪ, ಮೇಣದಬತ್ತಿಗಳ ಬೆಳಕಿನಲ್ಲಿ, ಕ್ಲಾರಾಳ ಪಕ್ಕದಲ್ಲಿ ಅವನು ಪ್ರಾಣಬಿಟ್ಟ. ವಯಸ್ಸು 83. ಅವನು ಹುಟ್ಟಿದ ಮನೆಯಲ್ಲೂ ವಿದ್ಯುತ್ ಇರಲಿಲ್ಲ.

ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿ 345ನೇ ನಂಬರಿನ ಎಂಜಿನ್, ಬಾಗಿಲಿಗಿಂತ ಅಗಲವಾಗಿದ್ದ ಆ ಬಂಡಿ, ಒಂದೂವರೆ ಕೋಟಿಯ ಮಾಡೆಲ್ ಟಿ ಮೂರೂ ಉಳಿದಿವೆ. ನಮ್ಮ ಧರ್ಮಸ್ಥಳದಲ್ಲೂ ಹಳೆಯ ಕಾರುಗಳ ಸಂಗ್ರಹಾಲಯವಿದೆ. ಅಲ್ಲಿಗೆ ಹೋದರೆ ಕಾರು ಚೆನ್ನಾಗಿದೆ ಎಂದಷ್ಟೇ ಹೇಳಿ ಮುಂದೆ ಸಾಗಬೇಡಿ. ದೀಪ ಎಂಥದು, ಚಕ್ರ ಮರದ್ದೇ, ತಂತಿಯದೇ, ಯಾವ ಭಾಗ ಹಿತ್ತಾಳೆ ಎಂದು ನಿಂತು ನೋಡಿ.

ನೀವೂ ಮಾಡಿ ನೋಡಿ

ಬೇಕಾಗುವ ವಸ್ತುಗಳು: ಒಂದು ಹಳೆಯ ಸೈಕಲ್ಲು, ಒಂದು ಅಯಸ್ಕಾಂತ, ಒದ್ದೆ ಬಟ್ಟೆ, ಪೆನ್ಸಿಲು, ಕಾಗದ.

1. ಸೈಕಲ್ಲಿನ ಚೌಕಟ್ಟಿನಲ್ಲಿ ಅಚ್ಚೊತ್ತಿದ ನಂಬರು ಹುಡುಕಿ. ಅದು ಸಾಮಾನ್ಯವಾಗಿ ಪೆಡಲುಗಳ ನಡುವಿನ ಭಾಗದ ಕೆಳಗೆ ಅಥವಾ ಸೀಟಿನ ಹತ್ತಿರ ಇರುತ್ತದೆ. ಕೊಳೆ ಒರೆಸಿ, ಅದರ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿ. ಅಂಕಿಗಳು ಕಾಗದದ ಮೇಲೆ ಮೂಡುತ್ತವೆಯೇ?

2. ಒಂದೊಂದು ಭಾಗಕ್ಕೂ ಅಯಸ್ಕಾಂತ ಹಿಡಿಯಿರಿ. ಅಂಟುವ, ಅಂಟದ ಭಾಗಗಳ ಪಟ್ಟಿ ಮಾಡಿ.

3. ಬಣ್ಣ ತಾನಾಗಿ ಎದ್ದಿರುವ ಕಡೆ ಎಷ್ಟು ಪದರಗಳಿವೆ ನೋಡಿ. ನೀವಾಗಿ ಕೆರೆಯಬೇಡಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದು ವಿಷ. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ.

4. ಯಾವ ಭಾಗ ಮೊದಲಿನದು, ಯಾವುದು ಆಮೇಲೆ ಹಾಕಿದ್ದು ಎಂದು ಊಹಿಸಿ, ಕಾರಣ ಬರೆಯಿರಿ. ಆಮೇಲೆ ತಾತನನ್ನೋ ಅಜ್ಜಿಯನ್ನೋ ಕೇಳಿ. ನಿಮ್ಮ ಊಹೆ ಸರಿಯೇ?

ಊಹೆ ತಪ್ಪಾದರೆ ಬೇಸರಪಡಬೇಡಿ. ಯಾವ ಸಾಕ್ಷಿಯನ್ನು ನೋಡದೆ ಬಿಟ್ಟೆವು ಎಂದು ಮತ್ತೊಮ್ಮೆ ಸೈಕಲ್ಲಿನ ಹತ್ತಿರ ಹೋಗಿ.